ಶೋ ಮುಗಿದರೂ ನಿಲ್ಲದ ಸೌಂಡು!
ಕಿವಿಯೊಳಗೆ ಜೀರುಂಡೆ ಕೂಗಿದರೆ ಏನು ಮಾಡಬೇಕು?

ಪಿಕ್ಚರ್ ಮುಗಿಯಿತು. ಲೈಟು ಬಂತು. ಗಾಂಧಿಕ್ಲಾಸಿನವರೂ ಬಾಲ್ಕನಿಯವರೂ ಗೇಟಿನಲ್ಲಿ ಒಂದಾಗಿ ಹೊರಗೆ ಬಂದರು. ಸ್ಪೀಕರ್ ಬಂದ್ ಆಗಿದೆ, ಶಿಳ್ಳೆ ನಿಂತಿದೆ, ಕಟೌಟ್ ಮುಂದಿನ ಪಟಾಕಿ ಹೊಗೆಯೂ ಆರಿದೆ. ಆದರೆ ನಿಮ್ಮ ಕಿವಿಯೊಳಗೆ ಮಾತ್ರ ಯಾವನೋ ಆಪರೇಟರ್ ಮೆಷಿನ್ ಆಫ್ ಮಾಡೋದನ್ನೇ ಮರೆತಿದ್ದಾನೆ! 'ಗುಂಯ್...' ಅಂತಲೋ, 'ಕ್ರೀ...' ಅಂತಲೋ, 'ಸುಂಯ್...' ಅಂತಲೋ ಒಂದೇ ಸಮನೆ ಸದ್ದು. ಊಟಕ್ಕೆ ಕೂತರೂ ಅದೇ, ಚಾಪೆ ಮೇಲೆ ಬಿದ್ದುಕೊಂಡರೂ ಅದೇ.

ಬೆಳಗಾಗುವಷ್ಟರಲ್ಲಿ ನಿಂತರೆ ಬಚಾವ್. ನಿಲ್ಲದೇ ಹೋದರೆ?

ಶ್ರೀರಂಗಪಟ್ಟಣದಿಂದ ನಾಗಮಂಗಲದವರೆಗೆ ಯಾವ ಊರಿನ ಅರಳಿಕಟ್ಟೆ ಮೇಲೆ ಕೂತು ಈ ಮಾತು ಎತ್ತಿದರೂ ಒಬ್ಬನಾದರೂ ಸಿಗುತ್ತಾನೆ: 'ನಂಗೂ ಹಂಗೇ ಆಯ್ತದೆ ಕಣಣ್ಣ, ಕಿವಿ ಒಳ್ಗೆ ಜೀರುಂಡೆ ಕೂಗ್ದಂಗೆ' ಅನ್ನುವವನು. ಡಾಕ್ಟರುಗಳು ಇದಕ್ಕೆ 'ಟಿನಿಟಸ್' ಅನ್ನುತ್ತಾರೆ. ಕನ್ನಡದಲ್ಲಿ ಕಿವಿಮೊರೆತ. ಆಯುರ್ವೇದದ ಹಳೆಯ ಹೆಸರು ಕರ್ಣನಾದ. ಹೆಸರೇನೋ ಚೆನ್ನಾಗಿದೆ, ಅನುಭವಿಸುವವನ ಪಾಡು ಮಾತ್ರ ದೇವರಿಗೇ ಪ್ರೀತಿ!

ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2022ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ ವಯಸ್ಕರಲ್ಲಿ ಸುಮಾರು 100ಕ್ಕೆ 14 ಮಂದಿಗೆ ಒಂದಲ್ಲ ಒಂದು ಸಲ ಈ ಸದ್ದು ಕೇಳಿಸಿದೆ. ಬದುಕು ಹೈರಾಣಾಗುವ ಮಟ್ಟಕ್ಕೆ ಕೇಳಿಸುವುದು 100ಕ್ಕೆ ಇಬ್ಬರಿಗೆ. 700 ಸೀಟಿನ ಟಾಕೀಸು ಹೌಸ್‌ಫುಲ್ ಆಗಿದೆ ಅಂದುಕೊಳ್ಳಿ. ಆ ಲೆಕ್ಕದಲ್ಲಿ ನಿಮ್ಮ ಜೊತೆ ಪಿಕ್ಚರ್ ನೋಡುತ್ತಿರುವ ಹತ್ತಿರ ಹತ್ತಿರ ನೂರು ಮಂದಿ ಈ ಶಿಳ್ಳೆ ಕೇಳಿದವರು. ಅದರಲ್ಲಿ 14 ಮಂದಿ ರಾತ್ರಿ ನಿದ್ದೆ ಕೆಟ್ಟವರು!

ಭೂತವಲ್ಲ, ಭ್ರಮೆಯೂ ಅಲ್ಲ

ಹೊರಗೆ ಸದ್ದಿಲ್ಲ, ಪಕ್ಕದಲ್ಲಿ ಕೂತವನಿಗೆ ಕೇಳಿಸುವುದಿಲ್ಲ, ನಮಗೆ ಮಾತ್ರ ಕೇಳಿಸುತ್ತದೆ. ಹೀಗಾದ್ದರಿಂದಲೇ ಬಹಳ ಮಂದಿ ಹೆದರುತ್ತಾರೆ. 'ತಲೆ ಕೆಡುತ್ತಿದೆಯಾ?' ಅಂತ ತಮ್ಮನ್ನೇ ಕೇಳಿಕೊಳ್ಳುತ್ತಾರೆ. ಮನೆಯಲ್ಲಿ ಹೇಳಿದರೆ ಅಜ್ಜಿ ತಾಯತ ಕಟ್ಟಿಸಲು ಹೊರಡುತ್ತಾಳೆ. ಗೆಳೆಯರಿಗೆ ಹೇಳಿದರೆ ನಗುತ್ತಾರೆ. ಆದ್ದರಿಂದ ಯಾರಿಗೂ ಹೇಳದೆ ಒಬ್ಬನೇ ಒದ್ದಾಡುವವರೇ ಹೆಚ್ಚು.

ಮೊದಲು ಒಂದು ಮಾತು ತಿಳಿಯಿರಿ. ಇದು ಹುಚ್ಚಲ್ಲ. ಒಳಗೆ ನಡೆಯುವುದು ಇಷ್ಟು.

ಹೊರಗಿನ ಸದ್ದು ಕಿವಿತಮಟೆಗೆ ಬಡಿಯುತ್ತದೆ. ಅಲ್ಲಿಂದ ಮೂರು ಪುಟ್ಟ ಮೂಳೆಗಳ ಮೂಲಕ ಒಳಗಿವಿಗೆ ಹೋಗುತ್ತದೆ. ಅಲ್ಲಿ ಬಸವನಹುಳುವಿನ ಚಿಪ್ಪಿನ ಹಾಗೆ ಸುತ್ತಿಕೊಂಡ ಒಂದು ಭಾಗವಿದೆ. ಕಾಕ್ಲಿಯಾ ಅಂತ ಹೆಸರು. ಅದರೊಳಗೆ ಒಂದೊಂದು ಕಿವಿಗೆ ಸುಮಾರು 15,000 ರೋಮಕೋಶಗಳು ಗದ್ದೆಯ ಪೈರಿನಂತೆ ಸಾಲಾಗಿ ನಿಂತಿರುತ್ತವೆ. ಸದ್ದಿನ ಅಲೆಗೆ ಇವು ಬಾಗಿ ಎದ್ದು, ಅದನ್ನು ನರದ ಸುದ್ದಿಯಾಗಿ ಮಾಡಿ ಮೆದುಳಿಗೆ ಕಳಿಸುತ್ತವೆ.

ಜೋರು ಗಾಳಿಗೆ ಪೈರು ಮಲಗಿದ ಹಾಗೆ ಜೋರು ಸದ್ದಿಗೆ ಈ ರೋಮಗಳೂ ಮಲಗುತ್ತವೆ. ಸಣ್ಣ ಏಟಾದರೆ ಒಂದೆರಡು ದಿನದಲ್ಲಿ ಮತ್ತೆ ಏಳುತ್ತವೆ. ದೊಡ್ಡ ಏಟಾದರೆ ಸತ್ತೇ ಹೋಗುತ್ತವೆ. ಪೈರಾದರೆ ಮುಂದಿನ ಬೆಳೆಗೆ ನಾಟಿ ಹಾಕಬಹುದು. ಇಲ್ಲಿ ಎರಡನೇ ಬೆಳೆ ಇಲ್ಲ. ಮನುಷ್ಯನಿಗೆ ಸತ್ತ ರೋಮಕೋಶ ಮತ್ತೆ ಹುಟ್ಟುವುದಿಲ್ಲ.

ಈಗ ಮೆದುಳಿನ ಸರದಿ. ಯಾವುದೋ ಒಂದು ಸ್ವರದ ಸುದ್ದಿ ಕಿವಿಯಿಂದ ಬರುವುದು ನಿಂತುಹೋಯಿತು. ಮೈಕು ಕೆಲಸ ಮಾಡದಿದ್ದಾಗ ಸೌಂಡ್‌ಸೆಟ್ ಹುಡುಗ ಏನು ಮಾಡುತ್ತಾನೆ? ಆಂಪ್ಲಿಫೈಯರಿನ ಕಿವಿ ಹಿಂಡಿ ವಾಲ್ಯೂಮ್ ಏರಿಸುತ್ತಾನೆ. ಆಗ ಹಾಡು ಬರುವುದಿಲ್ಲ, ಬರೀ 'ಹುಸ್...' ಅಂತ ಸದ್ದು ಬರುತ್ತದೆ. ಮೆದುಳೂ ಹೀಗೇ ಮಾಡುತ್ತದೆ ಅನ್ನುವುದು ಈಗ ಹೆಚ್ಚಿನ ವಿಜ್ಞಾನಿಗಳು ಒಪ್ಪುವ ವಿವರಣೆ. ಕಿವಿಯಲ್ಲಿ ಕಳೆದುಹೋದ ಸ್ವರವನ್ನು ಹುಡುಕುತ್ತಾ ಮೆದುಳು ತನ್ನ ವಾಲ್ಯೂಮ್ ತಾನೇ ಏರಿಸಿಕೊಳ್ಳುತ್ತದೆ. ಆ ಸದ್ದೇ ನಿಮ್ಮ ಜೀರುಂಡೆ.

ಸ್ಟಾರುಗಳನ್ನೂ ಬಿಡದ ಶಿಳ್ಳೆ

1934ರಲ್ಲಿ 'ಸತಿ ಸುಲೋಚನ' ಬಂದಾಗ ಕನ್ನಡದ ಬೆಳ್ಳಿತೆರೆಗೆ ಮಾತು ಬಂತು. ಅಲ್ಲಿಂದ ಇಲ್ಲಿಗೆ ಸಿನಿಮಾದ ಸದ್ದು ಏರುತ್ತಲೇ ಬಂದಿದೆ. ಆ ಸದ್ದು ಸಿನಿಮಾದವರ ಕಿವಿಯನ್ನೂ ಬಿಟ್ಟಿಲ್ಲ.

ಅಮೆರಿಕದ 'ಸ್ಟಾರ್ ಟ್ರೆಕ್' ಧಾರಾವಾಹಿಯ ವಿಲಿಯಂ ಶ್ಯಾಟ್ನರ್, ಲಿಯೊನಾರ್ಡ್ ನಿಮೊಯ್ ಇಬ್ಬರೂ ನಮ್ಮ ಹುಡುಗರಿಗೆ ಗೊತ್ತಿರುವ ಮುಖಗಳೇ. 1967ರಲ್ಲಿ ಪ್ರಸಾರವಾದ ಒಂದು ಕಂತಿನ ಶೂಟಿಂಗ್‌ನಲ್ಲಿ ಸ್ಫೋಟದ ದೃಶ್ಯ. ಸಿಡಿತಕ್ಕೆ ಇಬ್ಬರೂ ತೀರಾ ಹತ್ತಿರ ನಿಂತಿದ್ದರು. ಡಮಾರ್! ಶಾಟ್ ಓಕೆ ಆಯಿತು. ಆದರೆ ಇಬ್ಬರ ಕಿವಿಗೂ ಮೊರೆತ ಅಂಟಿಕೊಂಡಿತು. ಮುಂದೆ ಬದುಕೇ ಬೇಡ ಅನ್ನಿಸುವಷ್ಟು ಬೇಸತ್ತಿದ್ದುಂಟು ಎಂದು ಶ್ಯಾಟ್ನರ್ ತಾವೇ ಹೇಳಿಕೊಂಡಿದ್ದಾರೆ. ಆಮೇಲೆ ಕಿವಿಗೆ ಮೆಲುಸದ್ದು ಕೊಡುವ ಪುಟ್ಟ ಯಂತ್ರ ಹಾಕಿಕೊಂಡು, ಚಿಕಿತ್ಸೆ ಪಡೆದು ಚೇತರಿಸಿಕೊಂಡರು. ಹಾಗೇ ದಶಕಗಟ್ಟಲೆ ನಟಿಸಿದರು ಕೂಡ!

ಸಂಗೀತದ ಮಹಾರಥಿ ಬೀಥೋವನ್ 1801ರಲ್ಲೇ ಸ್ನೇಹಿತನಿಗೆ ಕಾಗದ ಬರೆದು ಹಗಲೂ ರಾತ್ರಿ ಕಿವಿ ಮೊರೆಯುವ ಕಷ್ಟ ತೋಡಿಕೊಂಡಿದ್ದ. ಸ್ಮೆಟಾನ ಎಂಬ ಇನ್ನೊಬ್ಬ ಸಂಗೀತಗಾರನ ಕಥೆ ಇನ್ನೂ ವಿಚಿತ್ರ. 1874ರಲ್ಲಿ ಅವನ ಕಿವಿ ಕೇಳಿಸದಾಯಿತು. 1876ರಲ್ಲಿ ತನ್ನ ಬದುಕನ್ನೇ ಸಂಗೀತ ಮಾಡಿ ಬರೆದಾಗ, ಕೊನೆಯ ಭಾಗದಲ್ಲಿ ಪಿಟೀಲಿನಿಂದ ಒಂದೇ ಒಂದು ಕೀರಲು ಸ್ವರ ಎಳೆಸಿದ. ತನ್ನ ಕಿವಿಯಲ್ಲಿ ಕೂಗುತ್ತಿದ್ದ ಶಿಳ್ಳೆಯನ್ನೇ ಲೋಕಕ್ಕೆಲ್ಲ ಕೇಳಿಸಿಬಿಟ್ಟ!

ನಮ್ಮ ದೇಶದ ಮಾತಿಗೆ ಬಂದರೆ, 2024ರ ಜೂನ್‌ನಲ್ಲಿ ಗಾಯಕಿ ಅಲ್ಕಾ ಯಾಜ್ಞಿಕ್, ವೈರಸ್ ದಾಳಿಯಿಂದ ತಮಗೆ ಇದ್ದಕ್ಕಿದ್ದಂತೆ ಶ್ರವಣ ದೋಷ ಬಂದಿದೆ ಎಂದು ತಿಳಿಸಿದರು. ಜೊತೆಗೇ, ಅಬ್ಬರದ ಸಂಗೀತ ಮತ್ತು ಹೆಡ್‌ಫೋನ್ ಬಗ್ಗೆ ಹುಷಾರಾಗಿರಿ ಎಂದು ಅಭಿಮಾನಿಗಳಿಗೆ ಕಿವಿಮಾತು ಹೇಳಿದರು. ಸಾವಿರಾರು ಹಾಡು ಹಾಡಿದ ಗಂಟಲು ಹೇಳಿದ ಮಾತಿದು, ಮರೆಯಬೇಡಿ.

ಇಂಗ್ಲಿಷ್ ಸಿನಿಮಾ ನೋಡುವವರಿಗೆ 2017ರ 'ಬೇಬಿ ಡ್ರೈವರ್' ನೆನಪಿರಬಹುದು. ಅದರ ಹೀರೋ ಸದಾ ಕಿವಿಗೆ ಹಾಡು ಸಿಕ್ಕಿಸಿಕೊಂಡು ಕಾರು ಓಡಿಸುವುದು ಸ್ಟೈಲಿಗಲ್ಲ. ಚಿಕ್ಕಂದಿನ ಅಪಘಾತದಿಂದ ಬಂದ ಮೊರೆತವನ್ನು ಮುಚ್ಚಲು!

ನಾಲ್ಕು ತಾಲ್ಲೂಕು, ನಾಲ್ಕು ಸದ್ದು

ನಾಗಮಂಗಲದಿಂದ ಶುರು ಮಾಡೋಣ. ಹಿತ್ತಾಳೆ, ಕಂಚಿನ ಕೆಲಸಕ್ಕೆ ಹೆಸರಾದ ಊರು. ಲೋಹದ ಮೇಲೆ ಸುತ್ತಿಗೆ ಬೀಳುವ ಸದ್ದು ಕಿವಿಗೆ ಎಂಥದೆಂದು ಗೊತ್ತಲ್ಲ? ಇಟಲಿಯ ವೈದ್ಯ ರಾಮಾಜ್ಜಿನಿ 300 ವರ್ಷದ ಹಿಂದೆಯೇ, ತಾಮ್ರ ಬಡಿಯುವವರ ಕಿವಿ ಮಂದವಾಗಿ ಮುಪ್ಪಿನಲ್ಲಿ ಪೂರ್ತಿ ಕೇಳಿಸದಾಗುತ್ತದೆ ಎಂದು ಬರೆದಿಟ್ಟಿದ್ದ. ನಾಗಮಂಗಲದ ಸುತ್ತಿಗೆಗೂ ವೆನಿಸ್‌ನ ಸುತ್ತಿಗೆಗೂ ಕಿವಿಯ ಪಾಲಿಗೆ ವ್ಯತ್ಯಾಸವಿಲ್ಲ.

ಪಾಂಡವಪುರಕ್ಕೆ ಬನ್ನಿ. ಬೇಬಿ ಬೆಟ್ಟದ ಕಲ್ಲುಗಣಿ ಮಾತು ಕೇಳದವರಿಲ್ಲ. ಅಲ್ಲಿಯ ಸಿಡಿತದಿಂದ ಕನ್ನಂಬಾಡಿ ಕಟ್ಟೆಗೆ ಅಪಾಯವೇ ಅಂತ ವರ್ಷಗಟ್ಟಲೆ ಗಲಾಟೆ ನಡೆದು, 2024ರ ಜನವರಿಯಲ್ಲಿ ಕಟ್ಟೆಯ ಸುತ್ತ 20 ಕಿ.ಮೀ. ಒಳಗೆ ಗಣಿ ಕೆಲಸಕ್ಕೆ ಹೈಕೋರ್ಟ್ ತಡೆ ಹಾಕಿತು. ಕಟ್ಟೆಯ ಬಗ್ಗೆ ಮಾತಾಡಿದ್ದು ಸರಿಯೇ. ಆದರೆ ಕಲ್ಲಿಗೆ ತೂತು ಹೊಡೆಯುವ ಡ್ರಿಲ್ ಹಿಡಿದವನ ಕಿವಿಯೂ ಒಂದು ಕಟ್ಟೆಯೇ ಅಲ್ಲವೇ? ಅದು ಒಡೆದರೆ ರಿಪೇರಿಗೆ ಯಾವ ಇಂಜಿನಿಯರೂ ಇಲ್ಲ. ಕ್ರಷರ್ ಇರಲಿ, ಸಕ್ಕರೆ ಕಾರ್ಖಾನೆ ಇರಲಿ, 8 ಗಂಟೆಯ ಪಾಳಿಗೆ 90 ಡೆಸಿಬಲ್ ಮೀರಬಾರದೆಂದು ಕಾರ್ಖಾನೆ ನಿಯಮವಿದೆ. ಮೀರುವ ಕಡೆ ಕಿವಿಗೆ ರಕ್ಷಣೆ ಕೊಡುವುದು ಮಾಲೀಕರು ಮಾಡುವ ಉಪಕಾರವಲ್ಲ, ಕೆಲಸಗಾರನ ಹಕ್ಕು.

ಕೆ.ಆರ್. ಪೇಟೆ ಕಡೆ ಆಲೆಮನೆ ಗಾಣ, ಡೀಸೆಲ್ ಇಂಜಿನ್, ಒಕ್ಕಣೆ ಮೆಷಿನ್ನು, ಸೈಲೆನ್ಸರ್ ಹೋದ ಟ್ರ್ಯಾಕ್ಟರು. ಸೀಜನ್ನಿನಲ್ಲಿ ಹಗಲಿಡೀ ಇದರ ಪಕ್ಕವೇ ನಿಲ್ಲುವ ಹುಡುಗ ಸಾಯಂಕಾಲ ಅದನ್ನು ಮರೆಯಲು ಕಿವಿಗೆ ಇಯರ್‌ಫೋನ್ ತುರುಕುತ್ತಾನೆ. ಬಿದ್ದವನ ಮೇಲೆ ಕಲ್ಲು ಹಾಕಿದಂತೆ!

ಶ್ರೀರಂಗಪಟ್ಟಣ 1799ರಲ್ಲಿ ಫಿರಂಗಿ ಸದ್ದು ಕೇಳಿದ ಊರು. ಈಗ ಫಿರಂಗಿ ಮ್ಯೂಸಿಯಂ ಸೇರಿದೆ. ಅದರ ಜಾಗಕ್ಕೆ ಟ್ರಾಲಿ ಮೇಲೆ ಗೋಡೆಯ ಹಾಗೆ ಜೋಡಿಸಿದ ಡಿ.ಜೆ. ಬಾಕ್ಸುಗಳು ಬಂದಿವೆ. ಇದು ಶ್ರೀರಂಗಪಟ್ಟಣ ಒಂದರ ಕಥೆಯಲ್ಲ, ನಾಲ್ಕೂ ತಾಲ್ಲೂಕಿನ ಕಥೆ. ಬಾಕ್ಸಿನ ಮುಂದೆಯೇ ಕುಣಿಯುವವನ ಎದೆ ಗುಡುಗುಟ್ಟುತ್ತದಲ್ಲ, ಅದರ ಎಷ್ಟೋ ಪಟ್ಟು ಒಳಗಿವಿಯ ಆ ಪುಟ್ಟ ಪೈರಿನ ಮೇಲೆ ನಡೆದಿರುತ್ತದೆ.

ಫಸ್ಟ್ ಡೇ, ಫಸ್ಟ್ ಶೋ ಲೆಕ್ಕ

ಕಿವಿಗೂ ಒಂದು ಪಡಿತರ ಚೀಟಿ ಇದೆ ಅಂದುಕೊಳ್ಳಿ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 80 ಡೆಸಿಬಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು. 90ಕ್ಕೆ ಏರಿಸಿದರೆ ವಾರಕ್ಕೆ 4 ಗಂಟೆ. 100ಕ್ಕೆ ಏರಿಸಿದರೆ ವಾರಕ್ಕೆ ಸುಮಾರು 20 ನಿಮಿಷ ಅಷ್ಟೇ! ಪ್ರತಿ 3 ಡೆಸಿಬಲ್ ಏರಿಕೆಗೂ ಸದ್ದಿನ ಶಕ್ತಿ ಎರಡರಷ್ಟಾಗುತ್ತದೆ. ಆದ್ದರಿಂದಲೇ ಈ ಚೀಟಿ ಇಷ್ಟು ಬೇಗ ಖಾಲಿಯಾಗುವುದು. ಮೊಬೈಲ್ ವಾಲ್ಯೂಮ್ 60 ಪರ್ಸೆಂಟ್ ದಾಟಿಸಬೇಡಿ ಅನ್ನುವುದು ಈ ಕಾರಣಕ್ಕೇ. ಬಸ್ಸಿನ ಸದ್ದನ್ನು ಮೀರಿಸಲೆಂದು ಪೂರಾ ಏರಿಸುವವರು ಮೈಸೂರು ಮುಟ್ಟುವುದರೊಳಗೆ ವಾರದ ಕೋಟಾ ಮುಗಿಸಿರುತ್ತಾರೆ.

ಇನ್ನು ಕಟೌಟ್ ಮುಂದೆ ಹಚ್ಚುವ ಆಟಂಬಾಂಬು. ಸಿಡಿದ ಜಾಗದಿಂದ 4 ಮೀಟರ್ ದೂರದಲ್ಲಿ 125 ಡೆಸಿಬಲ್ ಮೀರಬಾರದೆಂದು ಸರ್ಕಾರದ ನಿಯಮ. 4 ಮೀಟರ್ ಎಂದರೆ ನಮ್ಮ ಹುಡುಗರಿಗೆ ಬಹಳ ದೂರವಾಯಿತು! ಕಾಲ ಕೆಳಗೇ ಹಚ್ಚಿ ಪಕ್ಕದಲ್ಲೇ ಶಿಳ್ಳೆ ಹೊಡೆಯುತ್ತಾರೆ. ಇಂಥ ಸಿಡಿತಕ್ಕೆ ಗಂಟೆಗಟ್ಟಲೆ ಬೇಕಿಲ್ಲ, ಒಂದೇ ಏಟು ಸಾಕು. ಕಿವಿತಮಟೆ ಹರಿದವರೂ ಇದ್ದಾರೆ, ಜೀವಮಾನದ ಮೊರೆತ ತಂದುಕೊಂಡವರೂ ಇದ್ದಾರೆ.

ಹಾಗಾದರೆ ಪಿಕ್ಚರ್ ನೋಡಬೇಡಿ, ಕುಣಿಯಬೇಡಿ ಅಂತಲೇ? ಛೆ, ಅಂಥ ಪಾಪದ ಮಾತು ಈ ಪತ್ರಿಕೆಯಲ್ಲಿ ಬರೆಯುವುದುಂಟೆ! ಬಾಕ್ಸಿನ ಮುಂದೆ ನಿಲ್ಲುವ ಬದಲು ಹತ್ತು ಹೆಜ್ಜೆ ಹಿಂದೆ ನಿಂತು ಕುಣಿಯಿರಿ. ನಡುನಡುವೆ ಹೊರಗೆ ಬಂದು ಕಿವಿಗೆ ಬಿಡುವು ಕೊಡಿ. ಮೆಡಿಕಲ್ ಶಾಪಿನಲ್ಲಿ ಕಿವಿಗಿಡುವ ಫೋಮ್ ಬಿರಡೆ ಸಿಗುತ್ತದೆ, ಟೀ ಕಾಸಿನ ಬಾಬತ್ತು. ಬರೀ ಹತ್ತಿ ತುರುಕಿದರೆ ಸಾಲದು, ಹತ್ತಿ ಹೆಚ್ಚು ಸದ್ದು ತಡೆಯುವುದಿಲ್ಲ.

ವಿಲನ್ ಒಬ್ಬನೇ ಅಲ್ಲ

ಎಲ್ಲ ಮೊರೆತಕ್ಕೂ ಸ್ಪೀಕರನ್ನೇ ಬೈಯಬೇಡಿ. ಕೆಲವರಿಗೆ ಕಾರಣ ಬರೀ ಗುಗ್ಗೆ! ಗಟ್ಟಿಯಾಗಿ ಕೂತ ಗುಗ್ಗೆಯನ್ನು ಡಾಕ್ಟರು ತೆಗೆದ ಐದು ನಿಮಿಷಕ್ಕೆ ಸದ್ದು ಮಾಯ. ಕಿವಿ ಸೋರುವುದು, ತಮಟೆಯಲ್ಲಿ ತೂತು, ಮಧ್ಯಕಿವಿಯ ಮೂಳೆ ಬಿಗಿಯುವುದು ಇವೂ ಕಾರಣಗಳೇ. ಇವಕ್ಕೆ ಔಷಧ ಅಥವಾ ಆಪರೇಷನ್ ಇದೆ. ವಯಸ್ಸಾದಂತೆ ಕಿವಿ ಮಂದವಾಗುವುದು, ತಲೆಸುತ್ತು ಸಮೇತ ಬರುವ ಮೆನಿಯರ್ಸ್ ಕಾಯಿಲೆ, ತಲೆಗೆ ಬಿದ್ದ ಪೆಟ್ಟು, ದವಡೆ ಕೀಲಿನ ತೊಂದರೆ, ಇವುಗಳಿಂದಲೂ ಬರುವುದುಂಟು. ಚಿಂತೆ, ನಿದ್ದೆಗೇಡು ಇದ್ದರೆ ಇರುವ ಸದ್ದೇ ದೊಡ್ಡದಾಗುತ್ತದೆ.

ಕೆಲವು ಔಷಧಿಗಳೂ ಇದಕ್ಕೆ ಕಾರಣ: ಹೆಚ್ಚು ಪ್ರಮಾಣದ ಆಸ್ಪಿರಿನ್, ಮಲೇರಿಯಾದ ಕ್ವಿನೈನ್, ಹಿಂದೆ ಟಿ.ಬಿ.ಗೆ ಬಹಳವಾಗಿ ಕೊಡುತ್ತಿದ್ದ ಸ್ಟ್ರೆಪ್ಟೊಮೈಸಿನ್ ಇಂಜೆಕ್ಷನ್, ಅದೇ ಗುಂಪಿನ ಜೆಂಟಾಮೈಸಿನ್, ಕ್ಯಾನ್ಸರಿನ ಸಿಸ್‌ಪ್ಲಾಟಿನ್. ಹಾಗಂತ ನೀವಾಗಿ ಔಷಧ ನಿಲ್ಲಿಸಬೇಡಿ. 'ಇದು ತಗೊಂಡ ಮೇಲೆ ಕಿವಿ ಗುಂಯ್ ಅಂತಿದೆ ಡಾಕ್ಟ್ರೇ' ಅಂತ ಹೇಳಿ. ಅವರು ಬದಲಿಸುತ್ತಾರೆ, ಇಲ್ಲವೇ ಪ್ರಮಾಣ ಇಳಿಸುತ್ತಾರೆ.

ಒಂದು ಕಡೆ ಮಾತ್ರ ಕಟ್ಟುನಿಟ್ಟು. ಬೆಂಕಿಕಡ್ಡಿ, ಬೈಕಿನ ಕೀಲಿ, ಹೇರ್‌ಪಿನ್ನು ಕಿವಿಗೆ ಹಾಕುವುದು ಬೇಡ. ಬಸ್‌ಸ್ಟ್ಯಾಂಡಿನ ಕಿವಿ ಕ್ಲೀನ್ ಮಾಡುವವನೂ ಬೇಡ. ಬೆಳ್ಳುಳ್ಳಿ ಕಾಯಿಸಿದ ಬಿಸಿ ಎಣ್ಣೆ, ಸೊಪ್ಪಿನ ರಸ ಬಿಡುವುದೂ ಬೇಡ. ತಮಟೆಯಲ್ಲಿ ತೂತಿದ್ದರೆ ಎಣ್ಣೆ ಸೀದಾ ಒಳಕ್ಕೆ ಹೋಗುತ್ತದೆ.

ತಡ ಮಾಡಿದರೆ ಕೆಟ್ಟಿರಿ!

ಇಷ್ಟನ್ನು ಮಾತ್ರ ಹರಿದು ಜೇಬಿನಲ್ಲಿಟ್ಟುಕೊಳ್ಳಿ.

ಒಂದು: ಬೆಳಿಗ್ಗೆ ಎದ್ದಾಗ ಒಂದು ಕಿವಿ ಇದ್ದಕ್ಕಿದ್ದಂತೆ ಕೇಳಿಸದಾಗಿದೆ, ಜೊತೆಗೆ ಗುಂಯ್ ಅನ್ನುತ್ತಿದೆ. 'ನೆಗಡಿ ಇರಬೇಕು, ನಾಳೆ ಸರಿಹೋಗುತ್ತೆ' ಅಂತ ಕೂರಬೇಡಿ. ಅಂದೇ ಕಿವಿ-ಮೂಗು-ಗಂಟಲು ಡಾಕ್ಟರ ಹತ್ತಿರ ಹೋಗಿ. ಇದಕ್ಕೆ ಸ್ಟೀರಾಯ್ಡ್ ಚಿಕಿತ್ಸೆ ಇದೆ. ಮೊದಲ ಕೆಲವು ದಿನಗಳಲ್ಲಿ ಕೊಟ್ಟರೇ ಹೆಚ್ಚು ಫಲ. ಎರಡು ವಾರ ದಾಟಿದರೆ ಕೇಳಿಸುವ ಶಕ್ತಿ ವಾಪಸು ಬರುವ ಅವಕಾಶ ಬಹಳ ಕಡಿಮೆ.

ಎರಡು: ಸದ್ದು ಒಂದೇ ಕಿವಿಯಲ್ಲಿ ಬಿಡದೆ ಇದ್ದರೆ ತೋರಿಸಲೇಬೇಕು. ಅಪರೂಪಕ್ಕೆ ಕೇಳುವ ನರದ ಮೇಲೆ ಬೆಳೆಯುವ ಗಡ್ಡೆ ಹೀಗೆ ಸೂಚನೆ ಕೊಡುತ್ತದೆ.

ಮೂರು: ನಾಡಿ ಬಡಿದ ಹಾಗೆ 'ಢವ್ ಢವ್' ಅಂತ ತಾಳಕ್ಕೆ ಸರಿಯಾಗಿ ಕೇಳಿಸಿದರೆ ಅದು ರಕ್ತದ ಹರಿವಿನ ಸದ್ದು. ರಕ್ತದೊತ್ತಡ, ರಕ್ತಹೀನತೆ, ರಕ್ತನಾಳ, ಎಲ್ಲ ಪರೀಕ್ಷೆ ಆಗಬೇಕು.

ನಾಲ್ಕು: ಮುಖ ವಾಲುವುದು, ವಿಪರೀತ ತಲೆಸುತ್ತು, ತಲೆಗೆ ಪೆಟ್ಟು ಬಿದ್ದ ಮೇಲೆ ಬಂದ ಮೊರೆತ, ಇವಕ್ಕೆ ಸೀದಾ ಆಸ್ಪತ್ರೆ.

ಐದು: ಸಿನಿಮಾ, ಡಿ.ಜೆ. ಮುಗಿಸಿ ಬಂದ ಮೇಲಿನ ಮೊರೆತ ಎರಡು ದಿನವಾದರೂ ಹೋಗದಿದ್ದರೆ ಪರೀಕ್ಷೆ ಮಾಡಿಸಿ.

ಗುಳಿಗೆ ಇಲ್ಲ, ಆದರೆ ದಾರಿ ಇದೆ

ಬಸ್‌ಸ್ಟ್ಯಾಂಡಿನ ಗೋಡೆ ಮೇಲೆ 'ಗ್ಯಾರಂಟಿ ವಾಸಿ' ಪೋಸ್ಟರು ಯಾವ ಕಾಯಿಲೆಗೆ ಇಲ್ಲ ಹೇಳಿ! ನಿಜ ಸಂಗತಿ ಕೇಳಿ. ರೋಮಕೋಶ ಹೋಗಿ ಬಂದ ಮೊರೆತವನ್ನು ಪೂರ್ತಿ ನಿಲ್ಲಿಸುವ ಗುಳಿಗೆ ಜಗತ್ತಿನಲ್ಲೇ ಇನ್ನೂ ಬಂದಿಲ್ಲ. ಗಿಂಕ್ಗೊ ಎಂಬ ಎಲೆಯ ಗುಳಿಗೆ ಬಹಳ ಮಾರಾಟವಾಗುತ್ತದೆ. ಪರೀಕ್ಷೆ ಮಾಡಿ ನೋಡಿದರೆ ಸಾಕ್ಷಿ ಸಿಕ್ಕಿಲ್ಲ.

ಆದರೆ ಎದೆಗುಂದಬೇಡಿ. ಗುಳಿಗೆ ಇಲ್ಲ ಅಂದರೆ ಉಪಾಯವೇ ಇಲ್ಲ ಅಂತಲ್ಲ. ಹೊಸ ಬಾಡಿಗೆ ಮನೆ ಪಕ್ಕ ಹಿಟ್ಟಿನ ಗಿರಣಿ ಇದ್ದರೆ ಮೊದಲ ವಾರ ನಿದ್ದೆ ಬರುವುದಿಲ್ಲ. ಆರು ತಿಂಗಳಾದ ಮೇಲೆ ಗಿರಣಿ ನಿಂತಾಗಲೇ 'ಏನೋ ಕಮ್ಮಿಯಾಯ್ತಲ್ಲ' ಅನ್ನಿಸುತ್ತದೆ. ಮೆದುಳು ಅಪಾಯವಿಲ್ಲದ ಸದ್ದನ್ನು ಬದಿಗೆ ತಳ್ಳುವುದು ಕಲಿಯುತ್ತದೆ. ಚಿಕಿತ್ಸೆಯ ಗುಟ್ಟೆಲ್ಲ ಇದರಲ್ಲೇ ಇದೆ.

ಕಿವಿ ಮಂದವಾಗಿದ್ದರೆ ಶ್ರವಣಯಂತ್ರ ಹಾಕಿಸಿಕೊಳ್ಳಿ. ಹೊರಗಿನ ಸದ್ದು ಸರಿಯಾಗಿ ಒಳಗೆ ಬಂದರೆ ಮೆದುಳು ವಾಲ್ಯೂಮ್ ಏರಿಸುವ ಅಗತ್ಯ ಕಡಿಮೆಯಾಗುತ್ತದೆ. 'ಈ ವಯಸ್ಸಿಗೇ ಕಿವಿ ಮೆಷಿನ್ನಾ?' ಅಂತ ನಾಚಿಕೆ ಬೇಡ. ಕಣ್ಣಿಗೆ ಕನ್ನಡಕ ಹಾಕಿದರೆ ಯಾರಾದರೂ ನಗುತ್ತಾರಾ?

ರಾತ್ರಿಯ ನಿಶ್ಶಬ್ದದಲ್ಲಿ ಮೊರೆತ ಜಾಸ್ತಿ. ಆದ್ದರಿಂದ ನಿಶ್ಶಬ್ದ ಮಾಡಿಕೊಳ್ಳಬೇಡಿ. ಫ್ಯಾನು ಹಾಕಿ. ರೇಡಿಯೋ ಸಣ್ಣದಾಗಿ ಇಡಿ. ಮೊರೆತವನ್ನು ಪೂರಾ ಮುಚ್ಚುವಷ್ಟು ಜೋರು ಬೇಡ, ಅದಕ್ಕಿಂತ ಒಂದಿಷ್ಟು ಕೆಳಗೇ ಇರಲಿ. ಶ್ರೀರಂಗಪಟ್ಟಣದಲ್ಲಿ ಕಾವೇರಿ, ಹೇಮಗಿರಿಯಲ್ಲಿ ಹೇಮಾವತಿ, ಹರಿಯುವ ನೀರಿನ ಸದ್ದಿಗೆ ಸಮನಾದ್ದು ಇಲ್ಲ. ಅದನ್ನೇ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡು ತಲೆದಿಂಬಿನ ಪಕ್ಕ ಇಟ್ಟರೆ ಕಾಸಿಲ್ಲದ ಚಿಕಿತ್ಸೆ. ಹಾಡೇ ಬೇಕೆಂದರೆ ಕೆ.ಆರ್. ಪೇಟೆ ತಾಲ್ಲೂಕಿನ ಕಿಕ್ಕೇರಿಯಲ್ಲಿ ಹುಟ್ಟಿದ ನಮ್ಮ ಕೆ.ಎಸ್. ನರಸಿಂಹಸ್ವಾಮಿಗಳ ಗೀತೆಗಳ 'ಮೈಸೂರು ಮಲ್ಲಿಗೆ' ಇದೆಯಲ್ಲ, 1992ರ ಪಿಕ್ಚರ್. ಮೆಲ್ಲಗೆ ಹಚ್ಚಿ ಮಲಗಿ.

ಸದ್ದಿನ ಜೊತೆ ಬರುವ ಭಯ, ಸಿಟ್ಟು, ನಿದ್ದೆಗೇಡು, ಇವಕ್ಕೆ ಸಿ.ಬಿ.ಟಿ. ಎಂಬ ಮಾತಿನ ಚಿಕಿತ್ಸೆ ಇದೆ. ಎಲ್ಲ ಉಪಾಯಗಳ ಪೈಕಿ ಹೆಚ್ಚು ಸಾಕ್ಷಿ ಇರುವುದು ಇದಕ್ಕೇ. ಸದ್ದು ಅಷ್ಟೇ ಇದ್ದರೂ ಅದರ ಕಾಟ ಇಳಿಯುತ್ತದೆ. 'ಸಾಕಪ್ಪಾ ಈ ಬದುಕು' ಅನ್ನಿಸಿದ ರಾತ್ರಿ ಒಬ್ಬರೇ ಕೂರಬೇಡಿ. ಸರ್ಕಾರದ ಟೆಲಿ-ಮನಸ್ ಫೋನ್ 14416. ಹಗಲು ರಾತ್ರಿ ಕಾಸಿಲ್ಲದೆ ಕನ್ನಡದಲ್ಲೇ ಮಾತಾಡುತ್ತಾರೆ.

ಎಲ್ಲಿಗೆ ಹೋಗೋದು?

ನಮ್ಮ ಕಡೆಯವರ ಅದೃಷ್ಟ ನೋಡಿ. ದೇಶಕ್ಕೇ ಹೆಸರಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇರುವುದು ಮೈಸೂರಿನ ಮಾನಸಗಂಗೋತ್ರಿಯಲ್ಲಿ. 1965ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಸಂಸ್ಥೆ. ಕಿವಿ ಪರೀಕ್ಷೆ, ಶ್ರವಣಯಂತ್ರ, ಮೊರೆತಕ್ಕೆ ಸಲಹೆ ಎಲ್ಲ ಒಂದೇ ಕಡೆ. ಬೇರೆ ರಾಜ್ಯದವರು ರೈಲು ಹತ್ತಿ ಬರುವ ಜಾಗಕ್ಕೆ ಶ್ರೀರಂಗಪಟ್ಟಣದವನು ಒಂದು ಬಸ್ಸಿನಲ್ಲಿ ಹೋಗಬಹುದು. ಇದೇ ಸಂಸ್ಥೆ ಕೆ.ಆರ್. ಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳಿನಲ್ಲೂ ತನ್ನ ಹೊರಸೇವಾ ಕೇಂದ್ರ ತೆರೆದಿತ್ತು. ನಾಗಮಂಗಲದವರಿಗೆ ಬಿ.ಜಿ. ನಗರದ ಆದಿಚುಂಚನಗಿರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಹತ್ತಿರ. ಮಂಡ್ಯದಲ್ಲಿ ಮಿಮ್ಸ್, ಮೈಸೂರಿನಲ್ಲಿ ಕೆ.ಆರ್. ಆಸ್ಪತ್ರೆ ಇವೆ. ಆದಾಯ ಕಡಿಮೆ ಇರುವವರಿಗೆ ಕೇಂದ್ರದ ಅಡಿಪ್ ಯೋಜನೆಯಲ್ಲಿ ಶ್ರವಣಯಂತ್ರ ಪುಕ್ಕಟೆಯಾಗಿ ಅಥವಾ ರಿಯಾಯಿತಿಯಲ್ಲಿ ಸಿಗುತ್ತದೆ. ಆದಾಯ ಪ್ರಮಾಣಪತ್ರ ಜೊತೆಗಿರಲಿ.

ಹೋದಾಗ ಡಾಕ್ಟರಿಗೆ ಇಷ್ಟು ಹೇಳಿ: ಸದ್ದು ಯಾವತ್ತು ಶುರುವಾಯಿತು, ಒಂದು ಕಿವಿಯೋ ಎರಡೂ ಕಿವಿಯೋ, ಸದಾ ಇದೆಯೋ ಬಂದು ಹೋಗುತ್ತದೋ, ಯಾವ ಔಷಧ ತಗೋತೀರಿ, ಎಂಥ ಸದ್ದಿನ ನಡುವೆ ಕೆಲಸ. ಐದೇ ಮಾತು, ಅರ್ಧ ಕೆಲಸ ಮುಗಿದ ಹಾಗೆ.

ಗೆಳೆಯರೇ, ನೆಚ್ಚಿನ ನಾಯಕನ ಹೊಸ ಪಿಕ್ಚರು ಬರುತ್ತದೆ, ಮುಂದಿನ ವರ್ಷ ಇನ್ನೊಂದು ಬರುತ್ತದೆ. ಇನ್ನೂ 40 ವರ್ಷ ಡೈಲಾಗ್ ಕೇಳಬೇಕು, ಹಾಡು ಕೇಳಬೇಕು, ಮಗ 'ಅಪ್ಪಾ' ಅಂದದ್ದು ಕೇಳಬೇಕು. ಅದಕ್ಕೆಲ್ಲ ಇರುವುದು ಇದೇ ಎರಡು ಕಿವಿ. ಈ ಭಾನುವಾರ ಜಾತ್ರೆಯಲ್ಲೋ ಮೆರವಣಿಗೆಯಲ್ಲೋ ಸ್ಪೀಕರಿನ ಮುಂದೆ ನಿಂತ ನಿಮ್ಮ ದೋಸ್ತ್ ಕಂಡರೆ ತೋಳು ಹಿಡಿದು ಹತ್ತು ಹೆಜ್ಜೆ ಹಿಂದಕ್ಕೆ ಎಳೆಯಿರಿ. ಬೈದರೆ ಬೈಯಲಿ, ಬೈಗುಳ ಕೇಳಿಸುವಷ್ಟು ಕಿವಿ ಇನ್ನೂ ನೆಟ್ಟಗಿದೆ ಅಂತ ಸಂತೋಷಪಡಿ!